ಚೌಕ ಹರಳು ದಿಕ್ಕು ಹಿಡಿದಾಗ

ಅಕ್ಕಿ ನುಚ್ಚಿನಷ್ಟು ಚಿಕ್ಕ ಹರಳು. ಅದನ್ನು ಪೀಜೋ ತುಂಡಿನ ಮೇಲೆ, ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗುವ ಪಿಂಗಾಣಿಯ ಮೇಲೆ, ಅಂಟಿಸಬೇಕು. ಆಮೇಲೆ ಕೂದಲೆಳೆಯ ದಪ್ಪದ ಐನೂರರಲ್ಲಿ ಒಂದು ಪಾಲಿನಷ್ಟು ಎಳೆದು, ಅದರ ವಿದ್ಯುತ್ ರೋಧ ಎಷ್ಟು ಬದಲಾಯಿತು ಅಂತ ನೋಡಬೇಕು. ಜರ್ಮನಿಯ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡಿದ ವರ್ಷಗಳಲ್ಲಿ ನಾನು ಹೆಚ್ಚುಕಮ್ಮಿ ಮಾಡಿದ್ದು ಇದನ್ನೇ. ಹರಳು ಐರನ್ ಸೆಲೆನೈಡ್‌ನದು. ಅದರಲ್ಲಿ ಒಂದಿಷ್ಟು ಸೆಲೆನಿಯಂ ಬದಲು ಗಂಧಕ ಸೇರಿಸಿದ್ದೆವು. ನಾನು ಅಳೆಯುತ್ತಿದ್ದದ್ದು ಎಲೆಕ್ಟ್ರಾನ್‌ಗಳ ನೆಮ್ಯಾಟಿಕ್ ಗುಣವನ್ನು, ಅಂದರೆ ಅವು ಗುಂಪಾಗಿ ಒಂದು ದಿಕ್ಕಿಗೆ ವಾಲುವ ಗುಣವನ್ನು. ಅದಕ್ಕೂ ಅತಿವಾಹಕತೆಗೂ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಸೂಪರ್‌ಕಂಡಕ್ಟಿವಿಟಿಗೂ, ಏನು ನಂಟು ಅನ್ನುವುದು ಪ್ರಶ್ನೆ.

ನೆಮ್ಯಾಟಿಕ್ ಅನ್ನುವ ಪದ ನನಗೆ ಮೊದಲು ಸಿಕ್ಕಿದ್ದು ಮೈಸೂರಿನಲ್ಲಿ, ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದುವಾಗ. ಎರಡು ಗಾಜಿನ ನಡುವೆ ಒಂದು ತೊಟ್ಟು ದ್ರವಸ್ಫಟಿಕ, ಅಂದರೆ ಲಿಕ್ವಿಡ್ ಕ್ರಿಸ್ಟಲ್, ಇಟ್ಟು, ಪೋಲರೈಸಿಂಗ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಬಿಸಿ ಮಾಡುವ ಪ್ರಯೋಗ ಅದು. ಕಪ್ಪು ಕಪ್ಪು ನೂಲೆಳೆಗಳು ತೇಲುತ್ತಿದ್ದವು. ಗ್ರೀಕ್‌ನಲ್ಲಿ ನೂಲಿಗೆ ನೇಮಾ ಅಂತಾರೆ. 1922ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರಿಡೆಲ್ ಅದರಿಂದಲೇ ಈ ಹೆಸರು ಮಾಡಿದರು. ಬಿಸಿ ಏರಿದಂತೆ ಒಂದು ಹಂತದಲ್ಲಿ ಎಲ್ಲ ಎಳೆಗಳೂ ಒಮ್ಮೆಲೇ ಮಾಯವಾಗಿ ಕಣ್ಣೆದುರು ಬರೀ ಕತ್ತಲು. ಆ ಕ್ಷಣ ನನಗೆ ಇನ್ನೂ ನೆನಪಿದೆ. ನಮ್ಮ ವಿಭಾಗಕ್ಕೆ ಈ ವಿಷಯ ಹೊಸದಲ್ಲ. 1961ರಲ್ಲಿ ಅಲ್ಲಿಗೆ ಮುಖ್ಯಸ್ಥರಾಗಿ ಬಂದ ಎಸ್. ಚಂದ್ರಶೇಖರ್ ಮುಂದೆ 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ತಟ್ಟೆಯಂಥ ಅಣುಗಳೂ ದ್ರವಸ್ಫಟಿಕ ಆಗಬಲ್ಲವು ಅಂತ 1977ರಲ್ಲಿ ಜಗತ್ತಿಗೆ ತೋರಿಸಿದ್ದು ಅವರ ತಂಡವೇ.

ಹೊಳೆಯಲ್ಲಿ ಬಿದಿರಿನ ಗಳಗಳು ತೇಲಿ ಹೋಗುವುದನ್ನು ನೆನಪು ಮಾಡಿಕೊಳ್ಳಿ. ಯಾವ ಗಳ ಎಲ್ಲಿದೆ ಅನ್ನುವುದಕ್ಕೆ ಲೆಕ್ಕವಿಲ್ಲ, ಆದರೆ ಎಲ್ಲವೂ ಒಂದೇ ದಿಕ್ಕಿಗೆ ಉದ್ದವಾಗಿ ಮಲಗಿವೆ. ಗಳಕ್ಕೆ ತಲೆ ಯಾವುದು, ಬುಡ ಯಾವುದು ಅನ್ನುವ ಭೇದವೂ ಬೇಡ. ಉದ್ದ ಯಾವ ಕಡೆಗೆ, ಅಷ್ಟೇ ಮುಖ್ಯ. ನೆಮ್ಯಾಟಿಕ್ ದ್ರವಸ್ಫಟಿಕದ ಅಣುಗಳು ಹೀಗಿರುತ್ತವೆ. 1998ರಲ್ಲಿ ಕಿವೆಲ್ಸನ್, ಫ್ರಾಡ್ಕಿನ್, ಎಮೆರಿ ಅನ್ನುವ ಮೂವರು ಒಂದು ಮಾತು ಮುಂದಿಟ್ಟರು: ಲೋಹದೊಳಗಿನ ಎಲೆಕ್ಟ್ರಾನ್‌ಗಳೂ ಹೀಗೆ ಮಾಡಬಹುದು. ಎಲೆಕ್ಟ್ರಾನ್ ಗಳದ ಹಾಗೆ ಉದ್ದವಾಗಿಲ್ಲ, ನಿಜ. ಆದರೆ ಒಂದನ್ನೊಂದು ತಳ್ಳುತ್ತಾ ಗುಂಪಾಗಿ ಓಡಾಡುವಾಗ ಇಡೀ ಗುಂಪು ಒಂದು ದಿಕ್ಕನ್ನು ಆರಿಸಿಕೊಳ್ಳಬಹುದು. ಹರಳಿನಲ್ಲಿ ಪರಮಾಣುಗಳು ಕೂತಿರುವ ಜಾಲರಿ ಚೌಕವಾಗಿದ್ದರೂ ಎಲೆಕ್ಟ್ರಾನ್‌ಗಳ ಪಾಲಿಗೆ ಪೂರ್ವ-ಪಶ್ಚಿಮ ಬೇರೆ, ಉತ್ತರ-ದಕ್ಷಿಣ ಬೇರೆ ಆಗಿಬಿಡುತ್ತದೆ.

ಇದಕ್ಕೂ ಅತಿವಾಹಕತೆಗೂ ನಂಟು ಹೇಗೆ ಬಂತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ, ಇಳಿಸಿದಾಗ ಅದರ ರೋಧ ಪೂರ್ತಿ ಇಲ್ಲವಾಯಿತು. ಎಲೆಕ್ಟ್ರಾನ್‌ಗಳು ಜೋಡಿಯಾಗುವುದರಿಂದ ಹೀಗಾಗುತ್ತದೆ, ಜೋಡಿ ಮಾಡಿಸುವುದು ಜಾಲರಿಯ ಕಂಪನ ಅಂತ 1957ರಲ್ಲಿ ವಿವರಣೆ ಸಿಕ್ಕಿತು. 1986ರಲ್ಲಿ ಇನ್ನೂ ಹೆಚ್ಚಿನ ಉಷ್ಣತೆಯಲ್ಲೇ ಅತಿವಾಹಕವಾಗುವ ತಾಮ್ರದ ಆಕ್ಸೈಡ್‌ಗಳು ಬಂದವು. 2008ರಲ್ಲಿ ಜಪಾನಿನ ಹೊಸೊನೊ ತಂಡ ಕಬ್ಬಿಣ ಇರುವ ಒಂದು ಸಂಯುಕ್ತದಲ್ಲಿ 26 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡಿತು. ಇವುಗಳಿಗೆ ಆ ಹಳೆಯ ವಿವರಣೆ ಸಾಲದು. ಜಾಲರಿಯ ಕಂಪನಕ್ಕೆ ಅಷ್ಟು ಶಕ್ತಿ ಇಲ್ಲ. ಹಾಗಾದರೆ ಜೋಡಿ ಮಾಡಿಸುವ ಅಂಟು ಯಾವುದು? ಕಾಂತೀಯ ಏರಿಳಿತಗಳು ಅಂತ ಬಹಳ ಜನರ ನಂಬಿಕೆ. ಆದರೆ ಕಬ್ಬಿಣದ ಸಂಯುಕ್ತಗಳಲ್ಲಿ ಅತಿವಾಹಕತೆ ಇರುವ ಬಹಳ ಕಡೆ ಪಕ್ಕದಲ್ಲೇ ನೆಮ್ಯಾಟಿಕ್ ಸ್ಥಿತಿಯೂ ಕಾಣುತ್ತಿತ್ತು. ಆ ಅಂಟು ಇದೇ ಇರಬಹುದಾ ಅನ್ನುವ ಅನುಮಾನ ಹುಟ್ಟಿದ್ದು ಹೀಗೆ.

ಅನುಮಾನ ಹುಟ್ಟುವುದು ಸುಲಭ, ಅಳೆಯುವುದು ಕಷ್ಟ. ತಣ್ಣಗೆ ಮಾಡುತ್ತಾ ಹೋದಾಗ ಹರಳಿನ ಚೌಕ ಆಯತವಾಗುತ್ತದೆ. ಐರನ್ ಸೆಲೆನೈಡ್‌ನಲ್ಲಿ ಇದು 90 ಕೆಲ್ವಿನ್ ಹತ್ತಿರ ಆಗುತ್ತದೆ. ಉದ್ದ-ಅಗಲದ ವ್ಯತ್ಯಾಸ ಶೇಕಡ ಅರ್ಧದಷ್ಟೂ ಇರುವುದಿಲ್ಲ. ಅಷ್ಟು ಸಣ್ಣ ಬದಲಾವಣೆಗೆ ಎಲೆಕ್ಟ್ರಾನ್‌ಗಳಲ್ಲಿ ಕಾಣುವ ಭೇದ ಮಾತ್ರ ದೊಡ್ಡದು. ಅದನ್ನು ನೋಡೋಣ ಅಂದರೆ ಇನ್ನೊಂದು ತೊಡಕು. ಹರಳು ತಣ್ಣಗಾಗುವಾಗ ಒಂದು ಕಡೆ ಹೀಗೆ, ಪಕ್ಕದಲ್ಲಿ ಹಾಗೆ ತಿರುಗಿ, ಚಾಪೆ ಹೆಣೆದಂತೆ ಅಡ್ಡಕ್ಕೂ ಉದ್ದಕ್ಕೂ ಪಟ್ಟಿಗಳಾಗುತ್ತವೆ. ರೋಧ ಅಳೆದರೆ ಎರಡರ ಸರಾಸರಿ ಸಿಗುತ್ತದೆ, ಭೇದ ಅಳಿಸಿಹೋಗುತ್ತದೆ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಯಾನ್ ಫಿಶರ್ ತಂಡ ಬೇರಿಯಂ-ಕಬ್ಬಿಣ-ಆರ್ಸೆನಿಕ್ ಹರಳನ್ನು ಸಣ್ಣ ಕ್ಲ್ಯಾಂಪ್‌ನಲ್ಲಿ ಒತ್ತಿ, ಪಟ್ಟಿಗಳನ್ನೆಲ್ಲ ಒಂದೇ ದಿಕ್ಕಿಗೆ ತಂದು ಅಳೆಯಿತು. ಬಂದ ಫಲಿತಾಂಶ ತಲೆಕೆಳಗಾಗಿತ್ತು. ಪರಮಾಣುಗಳು ಹತ್ತಿರ ಇರುವ ದಿಕ್ಕಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ರೋಧ ಜಾಸ್ತಿ ಇದ್ದದ್ದೇ ಆ ದಿಕ್ಕಿನಲ್ಲಿ.

ಅದೇ ತಂಡ 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಾನು ಕಲಿತದ್ದು ಆ ವಿಧಾನವನ್ನು. ಅದರ ಹಿಂದಿನ ಯೋಚನೆ ನನಗೆ ಈಗಲೂ ಬಹಳ ಇಷ್ಟ.

ಚೌಕ ಆಯತವಾಗುವಾಗ ಯಾರು ಮುಂದೆ, ಯಾರು ಹಿಂದೆ? ಜಾಲರಿ ತಾನಾಗಿ ಹಿಗ್ಗಿ ಎಲೆಕ್ಟ್ರಾನ್‌ಗಳನ್ನು ಎಳೆದುಕೊಂಡು ಹೋಯಿತೋ, ಎಲೆಕ್ಟ್ರಾನ್‌ಗಳು ದಿಕ್ಕು ಆರಿಸಿ ಜಾಲರಿಯನ್ನು ಎಳೆದವೋ? ಎರಡೂ ಒಟ್ಟಿಗೇ ಆಗುವುದರಿಂದ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಜಾಲರಿಯನ್ನು ನಮ್ಮ ಕೈಗೆ ತೆಗೆದುಕೊಳ್ಳಬೇಕು. ಹರಳನ್ನು ಗಟ್ಟಿಯಾದ ಪೀಜೋಗೆ ಅಂಟಿಸಿದರೆ ಅದು ತನ್ನಿಷ್ಟಕ್ಕೆ ಹಿಗ್ಗುವ ಹಾಗಿಲ್ಲ. ಪೀಜೋ ಎಷ್ಟು ಹಿಗ್ಗಿತೋ ಅಷ್ಟೇ. ಈಗ ಚೌಕ ಇನ್ನೂ ಚೌಕವಾಗಿರುವ ಬಿಸಿಯಲ್ಲೇ ನಾವು ಒಂದು ಚೂರು ಎಳೆಯುತ್ತೇವೆ. ಎಲೆಕ್ಟ್ರಾನ್‌ಗಳು ಎಷ್ಟು ವಾಲುತ್ತವೆ ಅನ್ನುವುದನ್ನು ರೋಧದ ಭೇದದಿಂದ ಓದುತ್ತೇವೆ. ಜಾಲರಿಯೇ ಮುಂದಾಳು ಆಗಿದ್ದರೆ, ಒಂದೇ ಅಳತೆಯ ಎಳೆತಕ್ಕೆ ಎಲೆಕ್ಟ್ರಾನ್‌ಗಳ ವಾಲಿಕೆಯೂ ಹೆಚ್ಚುಕಮ್ಮಿ ಒಂದೇ ಇರಬೇಕು. ಎಲೆಕ್ಟ್ರಾನ್‌ಗಳೇ ಮುಂದಾಳು ಆಗಿದ್ದರೆ, ತಣ್ಣಗಾದಂತೆ ಅದೇ ಎಳೆತಕ್ಕೆ ಅವು ಇನ್ನಷ್ಟು, ಮತ್ತಷ್ಟು ವಾಲಬೇಕು. ಸಮ ನಿಂತ ತಕ್ಕಡಿಯ ಹಾಗೆ: ಒಂದು ಮೆಣಸಿನ ಕಾಳು ಬಿದ್ದರೂ ಸಾಕು, ತಟ್ಟೆ ಇಳಿಯುತ್ತದೆ. ಅವರ ಅಳತೆಯಲ್ಲಿ ವಾಲಿಕೆ ಏರುತ್ತಲೇ ಹೋಯಿತು. ಮುಂದಾಳು ಎಲೆಕ್ಟ್ರಾನ್ ಅಂತ ಅದರಿಂದ ಗೊತ್ತಾಯಿತು.

ಇನ್ನು ನಾನು ಮಾಡಿದ್ದು.

ಹರಳು ಬೆಳೆಸುವುದರಿಂದಲೇ ಕೆಲಸ ಶುರು. ಕಬ್ಬಿಣ, ಸೆಲೆನಿಯಂ, ಗಂಧಕದ ಪುಡಿಯನ್ನು ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಅಲ್ಯೂಮಿನಿಯಂ ಕ್ಲೋರೈಡ್ ಜೊತೆ ಕ್ವಾರ್ಟ್ಜ್ ಕೊಳವೆಯಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಕರಗಿಸಿ ಮುಚ್ಚಬೇಕು. ಕೊಳವೆಯ ಒಂದು ತುದಿ 400 ಡಿಗ್ರಿ ಸೆಲ್ಸಿಯಸ್ ಹತ್ತಿರ, ಇನ್ನೊಂದು ತುದಿ 250ರ ಹತ್ತಿರ. ವಾರಗಟ್ಟಲೆ ಹಾಗೇ ಬಿಡಬೇಕು. ಬಿಸಿ ತುದಿಯಿಂದ ಸಾಗಿ ಬಂದದ್ದು ತಣ್ಣನೆಯ ತುದಿಯಲ್ಲಿ ಹರಳುಗಟ್ಟುತ್ತದೆ. ಕೊಳವೆ ಒಡೆದು ಉಪ್ಪನ್ನು ತೊಳೆದರೆ ಕನ್ನಡಿಯಂಥ ತೆಳು ಬಿಲ್ಲೆಗಳು. ಅಲ್ಯೂಮಿನಿಯಂ ಕ್ಲೋರೈಡ್‌ಗೆ ತೇವ ತಗುಲಿದರೆ ಕಣ್ಣು ಮೂಗು ಉರಿಯುವ ಹೊಗೆ ಬರುತ್ತದೆ. ಹಾಗಾಗಿ ತುಂಬುವುದೆಲ್ಲ ಗ್ಲವ್‌ಬಾಕ್ಸ್, ಅಂದರೆ ತೇವ ನುಗ್ಗದ ಮುಚ್ಚಿದ ಪೆಟ್ಟಿಗೆಯ, ಒಳಗೇ.

ಇಲ್ಲಿ ಹೊಸಬರು ತಪ್ಪದೆ ಗಮನಿಸಬೇಕಾದದ್ದು ಒಂದಿದೆ. ನೀವು ತೂಗಿ ಹಾಕಿದ ಗಂಧಕದ ಪಾಲೇ ಹರಳಿನಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಬಹಳ ಸಲ ಕಡಿಮೆ ಇರುತ್ತದೆ. ಒಂದೇ ಕೊಳವೆಯ ಎರಡು ಹರಳುಗಳಲ್ಲೂ ವ್ಯತ್ಯಾಸ ಇರಬಹುದು. ಅಳೆಯುವ ಪ್ರತಿ ಹರಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಅದರಿಂದ ಬರುವ ಎಕ್ಸ್-ಕಿರಣ ನೋಡಿ ಗಂಧಕ ಎಷ್ಟಿದೆ ಅಂತ ನಾನೇ ಬರೆದಿಟ್ಟುಕೊಳ್ಳುತ್ತಿದ್ದೆ. ಕೊಳವೆಯ ಮೇಲಿನ ಚೀಟಿ ನಂಬಿದ್ದರೆ ಮುಂದಿನ ಗ್ರಾಫ್ ಎಲ್ಲವೂ ಪಕ್ಕಕ್ಕೆ ಸರಿದುಬಿಡುತ್ತಿತ್ತು.

ಆಮೇಲೆ ದಿಕ್ಕು. ಈ ಹರಳಿನಲ್ಲಿ ನೆಮ್ಯಾಟಿಕ್ ಗುಂಪು ಹಿಡಿಯುವುದು ಕಬ್ಬಿಣದಿಂದ ಅಕ್ಕಪಕ್ಕದ ಕಬ್ಬಿಣಕ್ಕೆ ಎಳೆದ ಗೆರೆಯ ದಿಕ್ಕನ್ನು. ಅದು ಹರಳಿನ ಅಂಚಿಗೆ 45 ಡಿಗ್ರಿ ಓರೆಯಾಗಿರುತ್ತದೆ. ಎಕ್ಸ್-ಕಿರಣದ ಚಿತ್ರ ತೆಗೆದು, ಆ ಗೆರೆ ನೋಡಿಕೊಂಡು, ಬ್ಲೇಡಿನಿಂದ 1.5 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಬೇಕು. ಉಗುರಿಗಿಂತ ಮೆತ್ತಗಿನ ಹರಳು. ಬ್ಲೇಡನ್ನು ಎಳೆದರೆ ಮಡಚಿಕೊಳ್ಳುತ್ತದೆ. ಮೇಲಿನಿಂದ ನೇರ ಒತ್ತಬೇಕು, ಒಂದೇ ಸಲ.

ಉದ್ದೇಶಪೂರ್ವಕವಾಗಿ ನಾನು ಕೆಲವು ಪಟ್ಟಿಗಳನ್ನು ಹರಳಿನ ಅಂಚಿಗೇ ಸರಿಯಾಗಿ ಕತ್ತರಿಸಿದ್ದೂ ಉಂಟು. ನಮ್ಮ ಲ್ಯಾಬಿಗೆ ಬೇಸಿಗೆಯಲ್ಲಿ ಶಿವಮೊಗ್ಗ ಕಡೆಯ ಹುಡುಗನೊಬ್ಬ ಕಲಿಯಲು ಬಂದಿದ್ದ. ಅಂಥ ಒಂದು ಪಟ್ಟಿಯ ಅಳತೆ ನಡೆಯುತ್ತಿದ್ದಾಗ ಪರದೆ ನೋಡಿ ಅವನ ಮುಖ ಸಪ್ಪಗಾಯಿತು.

“ಅಕ್ಕಾ, ಇದರಲ್ಲಿ ಏನೂ ಬರ್ತಿಲ್ವಲ್ಲ? ಗೆರೆ ಮಲಗೇ ಇದೆ.”

“ಮಲಗ್ಲಿ ಬಿಡೋ. ಅದು ಮಲಗಿದ್ರೇನೇ ಆ ಇನ್ನೊಂದು ಗೆರೆ ಎದ್ದದ್ದಕ್ಕೆ ಅರ್ಥ.”

ಆವತ್ತು ರಾತ್ರಿ ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬಿಡಿಸಿ ಅವನಿಗೆ ಕೊಟ್ಟೆ. ಹರಳು ಅದೇ, ಅಂಟು ಅದೇ, ಎಳೆತವೂ ಅಷ್ಟೇ. ಅಂಚಿನ ದಿಕ್ಕಿಗೆ ಎಳೆದರೆ ರೋಧಕ್ಕೆ ಹೆಚ್ಚು ಗಮನವೇ ಇಲ್ಲ. 45 ಡಿಗ್ರಿ ತಿರುಗಿಸಿ ಎಳೆದರೆ 90 ಕೆಲ್ವಿನ್ ಹತ್ತಿರವಾದಂತೆ ಬೆಟ್ಟದ ಹಾಗೆ ಏರುತ್ತದೆ. ಎಳೆದದ್ದಕ್ಕೆಲ್ಲ ರೋಧ ಬದಲಾಗುತ್ತದೆ ಅನ್ನುವ ಸಾಮಾನ್ಯ ಮಾತಲ್ಲ ಇದು. ಎಲೆಕ್ಟ್ರಾನ್‌ಗಳು ಒಂದು ನಿರ್ದಿಷ್ಟ ದಿಕ್ಕಿಗೆ ವಾಲಲು ತಯಾರಾಗಿ ನಿಂತಿವೆ. ಇಡೀ ಪಿಎಚ್‌ಡಿಯಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟ ಗ್ರಾಫ್ ಅದು.

ಅಂಟಿಸುವ ಕೆಲಸಕ್ಕೆ ಬರೋಣ. ಪೀಜೋ ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗುವ ಪಿಂಗಾಣಿಯ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಸಣ್ಣ ಗಟ್ಟಿ. ಒಂದು ದಿಕ್ಕಿನಲ್ಲಿ ಹಿಗ್ಗಿದರೆ ಅಡ್ಡ ದಿಕ್ಕಿನಲ್ಲಿ ಕುಗ್ಗುತ್ತದೆ. ಒಂದು ಮುಖಕ್ಕೆ ಹರಳು, ಹಿಂದಿನ ಮುಖಕ್ಕೆ ಸ್ಟ್ರೇನ್ ಗೇಜ್, ಅಂದರೆ ಎಷ್ಟು ಹಿಗ್ಗಿತು ಅಂತ ಹೇಳುವ ಲೋಹದ ಹಾಳೆ. ಎಪಾಕ್ಸಿ ಅಂಟನ್ನು ಸೂಜಿಮೊನೆಯಷ್ಟು ಹಾಕಿ, ಹರಳು ಇಟ್ಟು, ಅಂಚುಗಳಿಂದ ಅಂಟು ಒಂದೇ ಸಮ ಇಣುಕುವವರೆಗೆ ಮೆಲ್ಲಗೆ ಒತ್ತಬೇಕು. ಅಂಟು ಮೇಲೇರಿ ಹರಳಿನ ಮುಖಕ್ಕೆ ಬಂದರೆ ತಂತಿ ಕೂರುವುದಿಲ್ಲ. ಒಂದು ದಿನ ಒಣಗಲು ಬಿಟ್ಟು, 25 ಮೈಕ್ರಾನ್ ಚಿನ್ನದ ತಂತಿಗಳನ್ನು ನಾಲ್ಕು ಕಡೆ ಬೆಳ್ಳಿ ಪೇಸ್ಟಿನಿಂದ ಕೂರಿಸುವುದು. ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ತಂತಿಯ ಸ್ವಂತ ರೋಧ ಲೆಕ್ಕಕ್ಕೆ ಬರಬಾರದು ಅಂತ ಈ ನಾಲ್ಕು ತಂತಿಯ ಕ್ರಮ.

ಪ್ರತಿ ಸಲವೂ ಎರಡು ಪಟ್ಟಿ ಅಂಟಿಸುತ್ತಿದ್ದೆ. ಒಂದು ಪೀಜೋ ಹಿಗ್ಗುವ ದಿಕ್ಕಿಗೆ, ಇನ್ನೊಂದು ಅಡ್ಡ. ಹರಳಿನ ಒಟ್ಟು ಗಾತ್ರ ಬದಲಾದದ್ದರಿಂದಲೂ ರೋಧ ಸ್ವಲ್ಪ ಬದಲಾಗುತ್ತದೆ, ಅದು ನಮಗೆ ಬೇಡ. ಎರಡರ ಉತ್ತರವನ್ನು ಕಳೆದರೆ ದಿಕ್ಕಿನ ಭೇದ ಮಾತ್ರ ಉಳಿಯುತ್ತದೆ.

ನನ್ನ ಮೊದಲ ಆರು ತಿಂಗಳ ಅಳತೆಗಳು ಒಂದಕ್ಕೊಂದು ಕೂಡಲೇ ಇಲ್ಲ. ಒಂದೇ ಕೊಳವೆಯ ಹರಳು, ಗಂಧಕದ ಪಾಲೂ ಒಂದೇ. ಒಂದರಲ್ಲಿ ಉತ್ತರ, ಅಂದರೆ ಎಳೆತದ ಎಷ್ಟು ಪಟ್ಟು ರೋಧ ಬದಲಾಯಿತು ಅನ್ನುವ ಸಂಖ್ಯೆ, 120 ಬಂದರೆ ಇನ್ನೊಂದರಲ್ಲಿ 45. ಅಂಟು ಬದಲಾಯಿಸಿದೆ. ಪೀಜೋ ಬದಲಾಯಿಸಿದೆ. ಗೇಜ್‌ಗಳನ್ನು ಪರೀಕ್ಷಿಸಿದೆ. ತಂತಿ ಸರಿಯಾಗಿ ಕೂತಿಲ್ಲವೇನೋ ಅಂತ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಿದೆ. ಬಹಳ ಸಂಕಟದ ದಿನಗಳು ಅವು. ಕೊನೆಗೆ ಒಂದು ದಿನ, ಅಳತೆ ಮುಗಿದ ಹರಳನ್ನು ಎಸೆಯುವ ಮೊದಲು ಪಕ್ಕದಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹರಳಿನ ಪಕ್ಕದ ಅಂಚು ಹಳೆಯ ಪುಸ್ತಕದ ಅಂಚಿನಂತೆ ಕಾಣುತ್ತಿತ್ತು. ಹಾಳೆಗಳ ನಡುವೆ ಕೂದಲಿನಂಥ ಬಿರುಕುಗಳು.

ಐರನ್ ಸೆಲೆನೈಡ್ ಪದರ ಪದರವಾದ ಹರಳು. ಪದರಗಳ ನಡುವಿನ ಹಿಡಿತ ಬಹಳ ಕಡಿಮೆ. ಹಪ್ಪಳದ ಕಟ್ಟಿನ ಕೆಳಗಿನ ಹಪ್ಪಳವನ್ನು ಎಳೆದರೆ ಮೇಲಿನದು ಅಲ್ಲೇ ಇರುತ್ತದೆ. ಇಲ್ಲೂ ಹಾಗೇ. ಪೀಜೋ ತನ್ನ ಕೆಲಸ ಮಾಡುತ್ತಿತ್ತು, ಅಂಟು ತನ್ನ ಕೆಲಸ ಮಾಡುತ್ತಿತ್ತು, ಕೆಳಗಿನ ಪದರ ಹಿಗ್ಗುತ್ತಿತ್ತು. ಆದರೆ ನನ್ನ ತಂತಿಗಳು ಕೂತಿದ್ದ ಮೇಲಿನ ಪದರಕ್ಕೆ ಆ ಎಳೆತ ಪೂರ್ತಿ ತಲುಪುತ್ತಲೇ ಇರಲಿಲ್ಲ. ಹಿಂದಿನ ಮುಖದ ಗೇಜ್ ಮಾತ್ರ ಎಲ್ಲ ಸರಿಯಾಗಿದೆ ಅಂತ ಹೇಳುತ್ತಿತ್ತು, ಯಾಕೆಂದರೆ ಅದು ನೋಡುವುದು ಪೀಜೋವನ್ನು, ಹರಳನ್ನಲ್ಲ. ದಪ್ಪ ಅಳೆದಾಗ 45 ಬಂದ ಹರಳು 110 ಮೈಕ್ರಾನ್ ಇತ್ತು. 120 ಬಂದದ್ದು 40 ಮೈಕ್ರಾನ್.

ಅವತ್ತಿನಿಂದ ನಿಯಮ ಮಾಡಿಕೊಂಡೆ. 50 ಮೈಕ್ರಾನ್‌ಗಿಂತ ದಪ್ಪದ ಹರಳು ಅಂಟಿಸಬಾರದು. ಟೇಪಿನಿಂದ ಪದರ ಕಿತ್ತು ತೆಳ್ಳಗೆ ಮಾಡಬೇಕು. ಅಂಟಿಸುವ ಮೊದಲೂ ಅಳತೆಯ ನಂತರವೂ ಪಕ್ಕದಿಂದ ನೋಡಿ ಫೋಟೊ ತೆಗೆದಿಡಬೇಕು. ಪ್ರತಿ ಗಂಧಕದ ಪಾಲಿಗೂ ಬೇರೆ ಬೇರೆ ದಪ್ಪದ ಎರಡು ಹರಳು ಅಳೆದು, ಎರಡೂ ಕೂಡಿದರೆ ಮಾತ್ರ ಒಪ್ಪಬೇಕು. ಆರು ತಿಂಗಳ ಅಳತೆಗಳನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಶುರು ಮಾಡಿದೆ. ಮಾರ್ಗದರ್ಶಕರು ಒಂದು ಮಾತೂ ಬೇಸರದಿಂದ ಆಡಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

ಇನ್ನೊಂದು ತೊಂದರೆ ಪೀಜೋದ್ದೇ. ತಣ್ಣಗಾದಾಗ ಎಲ್ಲ ವಸ್ತುವೂ ಕುಗ್ಗುತ್ತದೆ ಅಂತ ನಾವು ಓದಿದ್ದೇವೆ. ಈ ಪೀಜೋ ಗಟ್ಟಿ ಪೇರಿಸಿದ ದಿಕ್ಕಿನಲ್ಲಿ ತಣ್ಣಗಾದಂತೆ ಹಿಗ್ಗುತ್ತದೆ. ಹರಳು ಕುಗ್ಗಲು ನೋಡುತ್ತದೆ. ಹಾಗಾಗಿ ನಾವು ಸೊನ್ನೆ ವೋಲ್ಟ್ ಇಟ್ಟಿದ್ದರೂ ಹರಳಿನ ಮೇಲೆ ಆಗಲೇ ಎಳೆತ ಬಿದ್ದಿರುತ್ತದೆ. ಸೊನ್ನೆ ವೋಲ್ಟ್ ಅಂದರೆ ಸೊನ್ನೆ ಎಳೆತ ಅಲ್ಲ. ಇದನ್ನು ಸರಿ ಮಾಡಲು, ಅಂಟಿಸದ ಸ್ವತಂತ್ರ ಹರಳಿನ ರೋಧವನ್ನು ಮೊದಲೇ ಎಲ್ಲ ಉಷ್ಣತೆಯಲ್ಲೂ ಅಳೆದಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಅಂಟಿಸಿದ ಹರಳಿನ ರೋಧ ಯಾವ ವೋಲ್ಟೇಜ್‌ನಲ್ಲಿ ಅದಕ್ಕೆ ಸಮನಾಗುತ್ತದೋ ಅದನ್ನು ನಿಜವಾದ ಸೊನ್ನೆ ಅಂತ ಇಟ್ಟುಕೊಂಡು, ಅದರ ಆಚೀಚೆ ಮಾತ್ರ ಇಳಿಜಾರು ಓದುವುದು. ಎಳೆತ ಜಾಸ್ತಿಯಾದರೆ ರೋಧ ನೇರ ಗೆರೆಯಲ್ಲಿ ಹೋಗುವುದಿಲ್ಲ, ಬಾಗುತ್ತದೆ. ಬಾಗಿದ ಕಡೆ ಇಳಿಜಾರು ಓದಿದರೆ ಉತ್ತರ ಸುಳ್ಳು.

ಅಳತೆ ಹೀಗೆ ನಡೆಯುತ್ತಿತ್ತು. ಉಷ್ಣತೆಯನ್ನು ಒಂದು ಕಡೆ ನಿಲ್ಲಿಸಿ, ಸ್ಥಿರವಾಗುವವರೆಗೆ ಕಾದು, ಪೀಜೋಗೆ ಮೈನಸ್ 50ರಿಂದ 150 ವೋಲ್ಟ್‌ವರೆಗೆ ಹತ್ತಿಸಿ ಇಳಿಸುವುದು, ಮೂರು ಸುತ್ತು. ಪೀಜೋ ಹೋದ ದಾರಿಯಲ್ಲೇ ವಾಪಸ್ ಬರುವುದಿಲ್ಲ, ಆದ್ದರಿಂದ ರೋಧವನ್ನು ವೋಲ್ಟೇಜ್ ಎದುರು ಅಲ್ಲ, ಗೇಜ್ ಹೇಳುವ ಎಳೆತದ ಎದುರು ಬಿಡಿಸಬೇಕು. ಆಗ ಹೋಗುವ ಗೆರೆಯೂ ಬರುವ ಗೆರೆಯೂ ಒಂದರ ಮೇಲೊಂದು ಕೂರುತ್ತವೆ. ಅವು ಕೂರದಿದ್ದರೆ ಹರಳು ಬಿಸಿಯಾಗುತ್ತಿದೆ ಅಥವಾ ಅಂಟು ಬಿಟ್ಟಿದೆ ಅಂತ ಅರ್ಥ. ಆಮೇಲೆ ಉಷ್ಣತೆಯನ್ನು ಇನ್ನೊಂದು 2 ಕೆಲ್ವಿನ್‌ನಷ್ಟು ಇಳಿಸಿ ಮತ್ತೆ ಅದೇ. ಒಂದು ಹರಳಿಗೆ ಮೂರು ನಾಲ್ಕು ದಿನ.

ಸಾಧಾರಣ ಲೋಹದ ಗೇಜ್‌ನಲ್ಲಿ ಈ ಉತ್ತರದ ಸಂಖ್ಯೆ 2ರ ಆಸುಪಾಸು ಇರುತ್ತದೆ. ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಎಳೆದರೆ ರೋಧ ಹತ್ತು ಸಾವಿರದಲ್ಲಿ ಎರಡು ಪಾಲು ಬದಲಾಗುತ್ತದೆ. ನಮ್ಮ ಹರಳಿನಲ್ಲಿ 90 ಕೆಲ್ವಿನ್ ಹತ್ತಿರ ಅದು ನೂರು ದಾಟುತ್ತಿತ್ತು. ಆ ಸಂಖ್ಯೆಯನ್ನು ತಲೆಕೆಳಗು ಮಾಡಿ ಉಷ್ಣತೆಯ ಎದುರು ಬಿಡಿಸಿದರೆ ನೇರ ಗೆರೆ. ಕಾಂತಗಳ ಪಾಠದಲ್ಲಿ ಬರುವ ಕ್ಯೂರಿ-ವೈಸ್ ನಿಯಮವೇ ಇದು. ಗೆರೆಯನ್ನು ಮುಂದಕ್ಕೆ ಎಳೆದರೆ ಸೊನ್ನೆ ಮುಟ್ಟುವ ಉಷ್ಣತೆ ಸಿಗುತ್ತದೆ. ಅದು ಹರಳು ನಿಜವಾಗಿ ಆಯತವಾಗುವ ಉಷ್ಣತೆಗಿಂತ ಕೆಳಗಿರುತ್ತದೆ. ಎಲೆಕ್ಟ್ರಾನ್‌ಗಳು ಒಂಟಿಯಾಗಿದ್ದರೆ ಅಲ್ಲಿ ದಿಕ್ಕು ಹಿಡಿಯುತ್ತಿದ್ದವು. ಜಾಲರಿ ಕೈಜೋಡಿಸುವುದರಿಂದ ಸ್ವಲ್ಪ ಮೊದಲೇ ಹಿಡಿಯುತ್ತವೆ.

ಗಂಧಕ ಹೆಚ್ಚಾದಂತೆ ಈ ಉಷ್ಣತೆ ಇಳಿಯುತ್ತಾ ಬಂತು. ನೂರಕ್ಕೆ 17 ಪಾಲಿನ ಹತ್ತಿರ ಸೊನ್ನೆ ಮುಟ್ಟಿತು. ಅಂದರೆ ಅಲ್ಲಿ ಬಿಸಿಯ ಕಲಕು ಏನೂ ಇಲ್ಲದೆ, ಸಂಪೂರ್ಣ ತಣ್ಣಗಿರುವಾಗಲೂ, ಎಲೆಕ್ಟ್ರಾನ್‌ಗಳು ದಿಕ್ಕು ಹಿಡಿಯಲೋ ಬೇಡವೋ ಅಂತ ತುಯ್ಯುತ್ತಿರುತ್ತವೆ. ಇದನ್ನು ಕ್ವಾಂಟಂ ಸಂಧಿಬಿಂದು ಅನ್ನಬಹುದು. ಜಪಾನಿನ ತಂಡವೊಂದು 2016ರಲ್ಲೇ ಇದನ್ನು ತೋರಿಸಿತ್ತು. ನನ್ನ ಹರಳುಗಳಲ್ಲೂ ಅದೇ ಜಾಗಕ್ಕೆ ಬಂದಾಗ ಆದ ಖುಷಿ ಸಣ್ಣದಲ್ಲ. ಐರನ್ ಸೆಲೆನೈಡ್ ಬೇರೆ ಕಬ್ಬಿಣದ ಹರಳುಗಳ ಹಾಗಲ್ಲ. ಬೇರಿಯಂ-ಕಬ್ಬಿಣ-ಆರ್ಸೆನಿಕ್‌ನಲ್ಲಿ ನೆಮ್ಯಾಟಿಕ್ ಸ್ಥಿತಿಯ ಬೆನ್ನಿಗೇ ಕಾಂತೀಯ ಸ್ಥಿತಿಯೂ ಬರುತ್ತದೆ, ಯಾವುದರ ಪ್ರಭಾವ ಯಾವುದು ಅಂತ ಬಿಡಿಸುವುದು ಕಷ್ಟ. ಇಲ್ಲಿ ಸಾಮಾನ್ಯ ಒತ್ತಡದಲ್ಲಿ ಕಾಂತೀಯ ಕ್ರಮ ಇಲ್ಲವೇ ಇಲ್ಲ. ನೆಮ್ಯಾಟಿಕ್ ಒಂದೇ. ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಹರಳು ಸಿಗುವುದಿಲ್ಲ.

ಹಾಗಾಗಿ ನಾನು ಬಹಳ ಆಸೆಯಿಂದ ಅತಿವಾಹಕತೆಯ ಉಷ್ಣತೆಯನ್ನು ಅದೇ ಗ್ರಾಫ್ ಮೇಲೆ ಬಿಡಿಸಿದೆ. ತುಯ್ದಾಟ ಎಲ್ಲಿ ಹೆಚ್ಚೋ ಅಲ್ಲಿ ಅದು ಶಿಖರ ಮುಟ್ಟಬೇಕು ಅನ್ನುವುದು ನನ್ನ ಎಣಿಕೆ. ಹಾಗಾಗಲಿಲ್ಲ. ಗಂಧಕ ಇಲ್ಲದಾಗ 9 ಕೆಲ್ವಿನ್. ನೂರಕ್ಕೆ 10ರ ಹತ್ತಿರ ಸ್ವಲ್ಪ ಏರಿ 11. ಸಂಧಿಬಿಂದುವಿನ ಹೊತ್ತಿಗೆ ಇಳಿಯಲು ಶುರುವಾಗಿ, ದಾಟಿದ ಮೇಲೆ ಇನ್ನೂ ಕೆಳಗೆ. ನೆಮ್ಯಾಟಿಕ್ ಸಂಧಿಬಿಂದುವಿನಲ್ಲಿ ಶಿಖರದ ಸುಳಿವೇ ಇಲ್ಲ.

ಎರಡು ಸಲ, ಮೂರು ಸಲ ಅಳೆದೆ. ಬೇರೆಯವರ ಫಲಿತಾಂಶಗಳೂ ಇದನ್ನೇ ಹೇಳುತ್ತಿದ್ದವು. ನಾನು ಒಪ್ಪಿಕೊಳ್ಳಲು ತಡ ಮಾಡಿದೆ, ಅಷ್ಟೇ. ಅತಿವಾಹಕತೆಗೂ ನೆಮ್ಯಾಟಿಕ್ ಸ್ಥಿತಿಗೂ ಸಂಬಂಧವೇ ಇಲ್ಲ ಅಂತ ಇದರ ಅರ್ಥ ಅಲ್ಲ. ಸಂಧಿಬಿಂದು ದಾಟುತ್ತಿದ್ದಂತೆ ಜೋಡಿಗಳ ಸ್ವರೂಪವೇ ತಟ್ಟನೆ ಬದಲಾಗುತ್ತದೆ ಅನ್ನುವುದು ಬೇರೆ ಅಳತೆಗಳಲ್ಲಿ ಕಂಡಿದೆ. ಇಂಥ ತುಯ್ದಾಟ ಯಾವ ಬಗೆಯ ಜೋಡಿಗೂ ಬಲ ಕೊಡಬಲ್ಲದು ಅಂತ ಸಿದ್ಧಾಂತ ಹೇಳುತ್ತದೆ. ಆದರೆ ಅದೇ ಸಿದ್ಧಾಂತದವರು ಇನ್ನೊಂದನ್ನೂ ತೋರಿಸಿದ್ದಾರೆ: ಜಾಲರಿ ಈ ತುಯ್ದಾಟಕ್ಕೆ ಗಂಟು ಬಿದ್ದಿರುವುದರಿಂದ, ಕೆಲವು ದಿಕ್ಕುಗಳನ್ನು ಬಿಟ್ಟು ಉಳಿದೆಡೆ ಅದನ್ನು ತಡೆದುಬಿಡುತ್ತದೆ. ನನ್ನ ಹರಳಿನಲ್ಲಿ ಆದದ್ದು ಹೀಗೇ ಅಂತ ನನ್ನ ಅಭಿಪ್ರಾಯ. ಮೇಲಾಗಿ ಗಂಧಕದ ಹರಳುಗಳನ್ನು ಒತ್ತಡದಲ್ಲಿಟ್ಟು ನೋಡಿದವರಿಗೆ ಅತಿವಾಹಕತೆ 30 ಕೆಲ್ವಿನ್ ದಾಟಿದ್ದು ಕಾಂತೀಯ ಸ್ಥಿತಿಯ ಅಂಚಿನಲ್ಲಿ. ನೆಮ್ಯಾಟಿಕ್ ಸ್ಥಿತಿಯ ಅಂಚಿನಲ್ಲಿ ಅಲ್ಲ.

ಇಷ್ಟಕ್ಕೇ ತೀರ್ಮಾನ ಮಾಡಿಬಿಡಬಹುದಿತ್ತು. ಆದರೆ 2020ರಲ್ಲಿ ಬೇರಿಯಂ-ನಿಕ್ಕಲ್-ಆರ್ಸೆನಿಕ್ ಹರಳಿನ ಸುದ್ದಿ ಬಂತು. ಬೇರಿಯಂ ಬದಲು ಸ್ಟ್ರಾನ್ಷಿಯಂ ಸೇರಿಸುತ್ತಾ ಹೋದರೆ, ನೆಮ್ಯಾಟಿಕ್ ಸ್ಥಿತಿ ಮುಗಿಯುವ ಕಡೆ ಅತಿವಾಹಕತೆಯ ಉಷ್ಣತೆ ಸುಮಾರು 0.6ರಿಂದ 3.5 ಕೆಲ್ವಿನ್‌ಗೆ, ಆರು ಪಟ್ಟು ಏರಿತ್ತು. ಅಲ್ಲಿ ಕಾಂತೀಯತೆಯ ಹಂಗೇ ಇಲ್ಲ. ಅದೇ ವರ್ಷ ಇನ್ನೊಂದು ತಂಡ ಕೋಬಾಲ್ಟ್ ಸೇರಿಸಿದ ಬೇರಿಯಂ-ಕಬ್ಬಿಣ-ಆರ್ಸೆನಿಕ್ ಹರಳನ್ನು ಎಳೆದು, ನೆಮ್ಯಾಟಿಕ್ ಸಂಧಿಬಿಂದುವಿನ ಹತ್ತಿರ ಅತಿವಾಹಕತೆ ಎಳೆತಕ್ಕೆ ಎಷ್ಟು ಬೇಗ ಕುಸಿಯುತ್ತದೆ ಅಂತ ತೋರಿಸಿತು. ಎಳೆತ ತುಯ್ದಾಟವನ್ನು ಒಂದು ಕಡೆಗೆ ಕಟ್ಟಿಹಾಕುತ್ತದೆ. ತುಯ್ದಾಟ ನಿಂತರೆ ಅತಿವಾಹಕತೆಯೂ ಕುಗ್ಗುತ್ತದೆ ಅಂದರೆ, ಅದು ಅತಿವಾಹಕತೆಗೆ ಏನೋ ಸಹಾಯ ಮಾಡುತ್ತಿತ್ತು ಅಂತ ಅರ್ಥ ಅಲ್ವಾ?

ಅದಕ್ಕಿಂತಲೂ ನನ್ನನ್ನು ಕಾಡಿದ್ದು ನನ್ನದೇ ಹರಳಿನ ದಾಯಾದಿ. ಐರನ್ ಸೆಲೆನೈಡ್‌ಗೆ ಗಂಧಕದ ಬದಲು ಟೆಲ್ಯೂರಿಯಂ ಸೇರಿಸಿದರೂ ನೆಮ್ಯಾಟಿಕ್ ಉಷ್ಣತೆ ಇಳಿಯುತ್ತದೆ. ಅರ್ಧದಷ್ಟು ಟೆಲ್ಯೂರಿಯಂ ಆಗುವ ಹೊತ್ತಿಗೆ ಸೊನ್ನೆ ಮುಟ್ಟುತ್ತದೆ. ಮತ್ತು ಅಲ್ಲಿ, ನಾನು ಗಂಧಕದಲ್ಲಿ ಹುಡುಕಿ ಸಿಗದೇ ಹೋದ ಶಿಖರ ಇದೆ. 2022ರಲ್ಲಿ ಜಪಾನಿನಿಂದ ಬಂದ ಅಳತೆಗಳು ಇದನ್ನು ಹೇಳಿದವು. ಗಂಧಕ ಸೆಲೆನಿಯಂಗಿಂತ ಚಿಕ್ಕ ಪರಮಾಣು, ಟೆಲ್ಯೂರಿಯಂ ದೊಡ್ಡದು. ಒಂದು ಜಾಲರಿಯನ್ನು ಬಿಗಿ ಮಾಡುತ್ತದೆ, ಇನ್ನೊಂದು ಸಡಿಲ ಮಾಡುತ್ತದೆ. ಸಡಿಲವಾದ ಕಡೆ ಎಲೆಕ್ಟ್ರಾನ್‌ಗಳ ನಡುವಿನ ತಳ್ಳಾಟ ಜಾಸ್ತಿ. ಅದು ಜಾಸ್ತಿ ಆದಾಗ ನೆಮ್ಯಾಟಿಕ್ ತುಯ್ದಾಟಕ್ಕೆ ಜಾಲರಿಯ ತಡೆಯನ್ನು ಮೀರುವ ಬಲ ಬರುತ್ತದೆಯೇ? ನಾನು ಈಗ ಅಳೆಯಲು ಹೊರಟಿರುವುದು ಇದನ್ನೇ. ಈ ಸಲ ಎಲೆಕ್ಟ್ರಾನ್‌ಗಳ ವಾಲಿಕೆ, ಹರಳಿನ ಮೆದುತನ, ಎಳೆತಕ್ಕೆ ಅತಿವಾಹಕತೆ ಕುಗ್ಗುವ ಪ್ರಮಾಣ, ಮೂರನ್ನೂ ಒಂದೇ ಕೊಳವೆಯ ಹರಳುಗಳಲ್ಲಿ.

ಟೆಲ್ಯೂರಿಯಂ ಹರಳುಗಳು ಗಂಧಕದವಕ್ಕಿಂತ ಗಡಸು, ಆದರೆ ಕತ್ತರಿಸುವಾಗ ಬೇಗ ಚೂರಾಗುತ್ತವೆ. ಹತ್ತು ಪಟ್ಟಿ ಕತ್ತರಿಸಿದರೆ ಮೂರು ಉಳಿಯುತ್ತವೆ. ಮೊದಲನೆಯದು 38 ಮೈಕ್ರಾನ್ ಇದೆ. ಪಕ್ಕದಿಂದ ನೋಡಿದೆ, ಬಿರುಕಿಲ್ಲ. ನಿನ್ನೆ ಸಂಜೆ ಅಂಟಿಸಿದ್ದೇನೆ. ಒಣಗಿದ ಮೇಲೆ ತಂತಿ ಕೂರಿಸಬೇಕು.